ಫ್ರಿಜ್ಜಿಗಿಡುವ ಮುಂಚೆ ಒಣಗಿಸಿ: ಡ್ರ್ಯಾಗನ್ ಹೂವಿನ ಪರಾಗ ಕೂಡಿಡುವ ಬಗೆ

ನಮ್ಮ ಟೆರೇಸಿನಲ್ಲಿ ಇರುವುದು ಕೆಂಪು ತಿರುಳಿನ ಡ್ರ್ಯಾಗನ್ ಫ್ರೂಟ್ ಗಿಡ. ಎರಡು ಬೀದಿ ಆಚೆ ಇರುವ ಆಂಟಿಯ ಮನೆಯಲ್ಲಿ ಬಿಳಿ ತಿರುಳಿನದ್ದು. ಮೊದಲ ವರ್ಷ ಅವರ ಗಿಡ ಜೂನ್ ಮೊದಲ ವಾರ ಹೂ ಬಿಟ್ಟಿತು. ನಮ್ಮದು ಬಿಟ್ಟಿದ್ದು ಹತ್ತು ದಿನ ತಡವಾಗಿ. ಅಷ್ಟರಲ್ಲಿ ಅವರದ್ದು ಮುಗಿದಿತ್ತು. ನಮ್ಮ ಹೂವುಗಳು ಒಂದೊಂದಾಗಿ ಹಳದಿ ತಿರುಗಿ ಉದುರಿದವು. ಒಂದು ಕಾಯಿಯೂ ನಿಲ್ಲಲಿಲ್ಲ.

ಮುಂದಿನ ವರ್ಷ ಬುದ್ಧಿವಂತಿಕೆ ಮಾಡಿದೆ. ಆಂಟಿಯ ಮನೆ ಹೂವಿನಿಂದ ಪರಾಗ ಉದುರಿಸಿಕೊಂಡು ಬಂದು, ಕುಂಕುಮದ ಡಬ್ಬಿಯಲ್ಲಿ ಹಾಕಿ, ನೇರವಾಗಿ ಫ್ರಿಜ್ಜಿನಲ್ಲಿಟ್ಟೆ. ಹತ್ತು ದಿನ ಬಿಟ್ಟು ತೆಗೆದರೆ ಹಸಿ ಹಿಟ್ಟಿನ ಉಂಡೆ ಥರ ಇತ್ತು. ಆದರೂ ಹಚ್ಚಿದೆ. ಆ ಸಲವೂ ಹೂ ಉದುರಿದ್ದೇ ಬಂತು.

ತಪ್ಪು ಎಲ್ಲಾಯಿತು ಅಂತ ಆಮೇಲೆ ಗೊತ್ತಾಯಿತು. ತಣ್ಣಗಿಟ್ಟರೆ ಕೆಡಲ್ಲ ಅಂದುಕೊಂಡಿದ್ದೆ. ಅದು ಹಾಲು ಮೊಸರಿನ ಲೆಕ್ಕ. ಪರಾಗದ್ದು ಸಂಡಿಗೆಯ ಲೆಕ್ಕ. ಮೊದಲು ಒಣಗಬೇಕು, ಆಮೇಲೆ ಡಬ್ಬಿ. ಈ ಲೇಖನದಲ್ಲಿ ಹೇಳುವುದೆಲ್ಲ ಹೆಚ್ಚು ಕಡಿಮೆ ಈ ಒಂದು ಮಾತಿನ ಸುತ್ತಲೇ ಇದೆ.

ಯಾರಿಗೆ ಇದು ಬೇಕು

ಬಿಳಿ ತಿರುಳಿನ ಬಹಳಷ್ಟು ತಳಿಗಳು ತಮ್ಮ ಪರಾಗದಿಂದಲೇ ಕಾಯಿ ಕಟ್ಟುತ್ತವೆ. ಕೆಂಪು ತಿರುಳಿನ ಹಲವು ತಳಿಗಳು ಕಟ್ಟುವುದಿಲ್ಲ. ಅವಕ್ಕೆ ಬೇರೆ ತಳಿಯ ಪರಾಗವೇ ಬೇಕು. ನಿಮ್ಮ ಗಿಡ ಯಾವ ಜಾತಿಗೆ ಸೇರಿದ್ದು ಅಂತ ನರ್ಸರಿಯವರ ಮಾತು ನಂಬಬೇಡಿ, ಒಂದು ಹೂವಿಗೆ ಅದರದೇ ಪರಾಗ ಹಚ್ಚಿ ನೋಡಿ. ಒಂದು ವಾರದಲ್ಲಿ ಹೂವಿನ ಬುಡ ಹಸಿರಾಗೇ ಉಳಿದು ದಪ್ಪ ಆಗುತ್ತಿದ್ದರೆ ನಿಮಗೆ ಈ ರಗಳೆ ಬೇಡ. ಹಳದಿಯಾದರೆ ಮುಂದೆ ಓದಿ.

ಡ್ರ್ಯಾಗನ್ ಮೂಲತಃ ಮಧ್ಯ ಅಮೆರಿಕ ಕಡೆಯ ಕಳ್ಳಿ. ಅಲ್ಲಿ ರಾತ್ರಿ ಹಾರುವ ಬಾವಲಿ, ದೊಡ್ಡ ಪತಂಗಗಳು ಪರಾಗ ಸಾಗಿಸುತ್ತವೆ. ನಮ್ಮ ಬೆಂಗಳೂರಿನ ನಾಲ್ಕನೇ ಮಹಡಿಗೆ ಅವು ಯಾಕೆ ಬರುತ್ತವೆ? ಬೆಳಗಿನ ಜಾವ ತುಡುವೆ ಜೇನು ಬರುತ್ತದೆ, ನಿಜ. ಆದರೆ ಅದು ಇದೇ ಹೂವಿನಲ್ಲಿ ಹೊರಳಾಡಿ, ಪರಾಗ ತುಂಬಿಕೊಂಡು ಹೋಗುತ್ತದೆ. ಎರಡು ಬೀದಿ ಆಚೆಯ ಪರಾಗ ತಂದುಕೊಡುವ ಕೆಲಸ ನಮ್ಮದೇ.

ಈ ತೊಂದರೆ ಡ್ರ್ಯಾಗನ್‌ಗೆ ಮಾತ್ರ ಅಲ್ಲ. ಮೆಡಿಟರೇನಿಯನ್ ಕಡೆಯ ಆಲಿವ್ ತೋಟಗಳಲ್ಲೂ ಇದೇ ಕಥೆ. ಆಲಿವ್‌ನ ಬಹುಪಾಲು ತಳಿಗಳು ತಮ್ಮ ಪರಾಗಕ್ಕೆ ಸರಿಯಾಗಿ ಕಾಯಿ ಕಟ್ಟವು. ಅಲ್ಲಿ ಗಾಳಿಯೇ ಪರಾಗ ಹೊರುತ್ತದೆ, ಹಾಗಾಗಿ ಜೊತೆ ತಳಿಯನ್ನು ಅದೇ ತೋಟದಲ್ಲಿ ನೆಡುತ್ತಾರೆ. ಬೇರೆ ಬೇರೆ ಹೊತ್ತಿಗೆ ಅರಳುವ ಎರಡು ತಳಿ ಕೂಡಿಸಬೇಕಾದಾಗ ತಳಿ ಅಭಿವೃದ್ಧಿ ಮಾಡುವವರು ಪರಾಗವನ್ನು ಒಣಗಿಸಿ ಫ್ರೀಜರ್‌ನಲ್ಲಿಡುತ್ತಾರೆ. ಅಂದ ಹಾಗೆ ಆಲಿವ್ ನಮ್ಮ ಮಲ್ಲಿಗೆಯ ಕುಟುಂಬದ್ದೇ ಮರ. ಕುಂಡದಲ್ಲಿ ಆಲಿವ್ ಇಟ್ಟುಕೊಂಡು ಹೂವಿಗೆ ಕಾಯುವವರು ಈಚೆಗೆ ಇಲ್ಲೂ ಸಿಗುತ್ತಾರೆ. ಅವರಿಗೆ ನಾನು ಹೇಳುವುದು, ಎಲೆ ನೋಡಿ ಖುಷಿಪಡಿ. ಹೂವಿಗೆ ಅದಕ್ಕೆ ಒಳ್ಳೆ ಚಳಿಗಾಲ ಬೇಕು. ನಮ್ಮಲ್ಲಿ ಜನವರಿಯ ರಾತ್ರಿಯೂ ಸರಾಸರಿ 15–16 ಡಿಗ್ರಿಗೆ ನಿಂತುಬಿಡುತ್ತದೆ.

ಸಾಮಾನು

ದೊಡ್ಡದೇನೂ ಬೇಡ. ಮೆತ್ತನೆಯ ಬ್ರಷ್ ಎರಡು, ಬೆಣ್ಣೆ ಕಾಗದ, ಟೀ ಸೋಸುವ ಜಾಲರಿ (ಹಳೆಯದು, ಮತ್ತೆ ಅಡುಗೆಮನೆಗೆ ಹೋಗದ್ದು), ಮುಚ್ಚಳ ಇರುವ ಪುಟ್ಟ ಪ್ಲಾಸ್ಟಿಕ್ ಟ್ಯೂಬ್‌ಗಳು, ಅಗಲ ಬಾಯಿಯ ಗಾಜಿನ ಉಪ್ಪಿನಕಾಯಿ ಬಾಟಲಿ, ಸಿಲಿಕಾ ಜೆಲ್. ಲ್ಯಾಬ್‌ಗಳಲ್ಲಿ ಬಳಸುವ 1.5 ಮಿಲಿಲೀಟರಿನ ಟ್ಯೂಬ್ ಆದರೆ ಒಳ್ಳೆಯದು. ನೂರರ ಪ್ಯಾಕೆಟ್ ತಂದರೆ ಜನ್ಮಕ್ಕೆ ಸಾಕು.

ಸಿಲಿಕಾ ಜೆಲ್ ಬಗ್ಗೆ ಮಾತ್ರ ಜಿಪುಣತನ ಬೇಡ. ಶೂ ಡಬ್ಬಿಯಲ್ಲಿ ಬರುವ ಪುಟ್ಟ ಪೊಟ್ಟಣ ಕೂಡಿಟ್ಟುಕೊಂಡಿರುತ್ತೀರಿ, ನಾನೂ ಇಟ್ಟಿದ್ದೆ. ಅವು ನಿಮ್ಮ ಕೈಗೆ ಬರುವಷ್ಟರಲ್ಲೇ ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡಿರುತ್ತವೆ. ಬಣ್ಣ ಬದಲಾಯಿಸುವ ಹರಳು ಕೊಳ್ಳಿ. ನೀಲಿ ಬಣ್ಣದ್ದು ನೀರು ಹೀರಿದಂತೆ ಗುಲಾಬಿ ಆಗುತ್ತದೆ, ಆದರೆ ಅದರಲ್ಲಿ ಕೋಬಾಲ್ಟ್ ಇದೆ, ವಿಷ. ಕಿತ್ತಳೆ ಬಣ್ಣದ್ದು ಹಸಿರಿಗೆ ತಿರುಗುತ್ತದೆ. ಮನೆಗೆ ಕಿತ್ತಳೆಯದ್ದೇ ಸರಿ. ಬಣ್ಣ ತಿರುಗಿದ ಮೇಲೆ ಸುಮಾರು 110–120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಅದಕ್ಕೊಂದು ಬೇರೆ ತಟ್ಟೆ ಇಟ್ಟುಕೊಳ್ಳಿ.

ಇನ್ನೊಂದು, ಎಸ್.ಪಿ. ರಸ್ತೆಯಲ್ಲಿ ಗಾಳಿಯ ತೇವ ತೋರಿಸುವ ಪುಟ್ಟ ಡಿಜಿಟಲ್ ಮೀಟರ್ ಸಿಗುತ್ತದೆ. ಬಾಟಲಿಯೊಳಗೇ ಕೂರುವಷ್ಟು ಚಿಕ್ಕದು. ಬೇಕೇ ಬೇಕು ಅಂತಿಲ್ಲ. ಆದರೆ ಆಷಾಢದ ಬೆಳಿಗ್ಗೆ ಟೆರೇಸಿನಲ್ಲಿ ಅದು ನೂರಕ್ಕೆ 90 ತೋರಿಸುವುದನ್ನೂ, ಸಿಲಿಕಾ ಬಾಟಲಿಯೊಳಗೆ ಇಳಿಯುತ್ತಾ ಹೋಗುವುದನ್ನೂ ಕಣ್ಣಾರೆ ನೋಡಿದರೆ, ಪರಾಗವನ್ನು ಸುಮ್ನೆ ಗಾಳಿಗೆ ಒಣಹಾಕುವ ಯೋಚನೆ ತಾನಾಗೇ ಬಿಟ್ಟುಹೋಗುತ್ತದೆ.

ಪರಾಗ ತೆಗೆಯುವುದು

ಮೊಗ್ಗು ದಪ್ಪಗಾಗಿ, ತುದಿಯ ದಳ ಸ್ವಲ್ಪ ಸಡಿಲವಾದ ದಿನ ಸಂಜೆ ಅದು ಅರಳುತ್ತದೆ. ಕತ್ತಲಾಗುವ ಹೊತ್ತಿಗೆ ಶುರುವಾಗಿ ಒಂಬತ್ತು ಹತ್ತಕ್ಕೆ ಪೂರ್ತಿ ಬಿಚ್ಚುತ್ತದೆ. ಬಿಸಿಲೇರುವಷ್ಟರಲ್ಲಿ ಬಾಡಿಹೋಗುತ್ತದೆ. ಒಂದೇ ರಾತ್ರಿಯ ಆಟ.

ಪರಾಗದ ಚೀಲಗಳು ಹೂ ಪೂರ್ತಿ ಅರಳುವುದಕ್ಕೆ ಮುಂಚೆಯೇ ಒಡೆದಿರುತ್ತವೆ. ಹಾಗಾಗಿ ಏಳೂವರೆ, ಎಂಟು ಗಂಟೆಗೇ ಕೆಲಸ ಮುಗಿಸಬಹುದು. ಹೂವಿನ ಬಾಯಿ ಕೆಳಗೆ ಬೆಣ್ಣೆ ಕಾಗದ ಹಿಡಿದು ಬ್ರಷ್‌ನಿಂದ ಕೇಸರಗಳನ್ನು ಮೆಲ್ಲಗೆ ಸವರಿ. ತಿಳಿ ಹಳದಿ ಪುಡಿ ಧಾರಾಳವಾಗಿ ಉದುರುತ್ತದೆ. ಬೆಳಿಗ್ಗೆವರೆಗೆ ಕಾದರೆ ಅರ್ಧ ಪರಾಗ ಜೇನಿನ ಪಾಲು, ಉಳಿದರ್ಧ ಇಬ್ಬನಿಯಲ್ಲಿ ನೆನೆದ ಮುದ್ದೆ.

ಮಳೆ ಬರುವ ಹಾಗಿದ್ದರೆ ಮಧ್ಯಾಹ್ನವೇ ಮೊಗ್ಗಿಗೆ ಒಂದು ಹಳೇ ಛತ್ರಿ ಕಟ್ಟಿ. ನೆನೆದ ಪರಾಗ ನೀರು ಹೀರಿ ಒಡೆದುಹೋಗುತ್ತದೆ, ಅದನ್ನು ಒಣಗಿಸಿ ಉಪಯೋಗ ಇಲ್ಲ. ಛತ್ರಿ ಕಟ್ಟುತ್ತಿದ್ದಾಗ ಎದುರು ಮನೆಯವರು ಕೇಳಿದ್ದರು, "ಏನ್ರೀ, ಗಿಡಕ್ಕೂ ನೆಗಡಿನಾ?" ಕೇಳಲಿ ಬಿಡಿ. ರಾತ್ರಿ ಟಾರ್ಚ್ ಹಿಡಿದು ಟೆರೇಸಿನಲ್ಲಿ ಓಡಾಡುವವರನ್ನು ಜನ ಒಂದು ಥರ ನೋಡುವುದು ಇದ್ದದ್ದೇ.

ಉದುರಿಸಿದ ಪುಡಿಯನ್ನು ಜಾಲರಿಯಲ್ಲಿ ಒಮ್ಮೆ ಸೋಸಿ. ಕೇಸರದ ಚೂರು, ಇರುವೆ, ದಳದ ತುಂಡು ಎಲ್ಲ ಬೇರೆಯಾಗಬೇಕು. ಆ ಚೂರುಗಳಲ್ಲಿ ಪರಾಗಕ್ಕಿಂತ ಜಾಸ್ತಿ ನೀರಿರುತ್ತದೆ. ಬೂಷ್ಟು ಮೊದಲು ಹತ್ತುವುದು ಅಲ್ಲೇ.

ಒಣಗಿಸುವುದು

ಇಲ್ಲಿ ನಿಧಾನ ಬೇಕು. ಬಾಟಲಿಯ ತಳದಲ್ಲಿ ಎರಡು ಬೆರಳು ದಪ್ಪ ಸಿಲಿಕಾ ಹರಳು ಹಾಕಿ. ಅದರ ಮೇಲೆ ಪರಾಗವನ್ನು ತೆಳ್ಳಗೆ ಹರಡಿದ ಕಾಗದದ ದೊನ್ನೆ ಇಡಿ. ಪುಡಿ ಹರಳಿಗೆ ತಾಗಬಾರದು. ಮುಚ್ಚಳ ಬಿಗಿ ಮಾಡಿ, ಬಿಸಿಲಿಲ್ಲದ ಕಡೆ ಇಡಿ. ಬಿಸಿಲಿಗೆ ಹಿಡಿಯುವುದು, ಹೇರ್ ಡ್ರೈಯರ್, ಗ್ಯಾಸ್ ಒಲೆ ಪಕ್ಕ, ಇದ್ಯಾವುದೂ ಬೇಡ. ಬಿಸಿಗೆ ಪರಾಗ ಒಣಗುವುದೂ ಸಾಯುವುದೂ ಒಟ್ಟಿಗೇ ನಡೆಯುತ್ತದೆ.

ಎಷ್ಟು ಹೊತ್ತು? ನೀರಿನಂಶ ನೂರಕ್ಕೆ 5ರಿಂದ 10ರ ಆಸುಪಾಸಿಗೆ ಇಳಿಯಬೇಕು. ಮನೆಯಲ್ಲಿ ಅದನ್ನು ನೇರವಾಗಿ ಅಳೆಯಲಾಗದು, ಆದರೆ ಅಕ್ಕಸಾಲಿಗರು ಬಳಸುವಂಥ ಪುಟ್ಟ ಡಿಜಿಟಲ್ ತಕ್ಕಡಿ ಇದ್ದರೆ ದೊನ್ನೆ ಸಮೇತ ತೂಗುತ್ತಾ ಹೋಗಿ. ತೂಕ ಇಳಿಯುವುದು ನಿಧಾನವಾದಾಗ ನಿಲ್ಲಿಸಿ. ತಕ್ಕಡಿ ಇಲ್ಲವೇ? ಕಾಗದ ವಾಲಿಸಿ ನೋಡಿ. ಹಸಿ ಪರಾಗ ಅಂಟಿಕೊಂಡು ಗಡ್ಡೆಗಡ್ಡೆಯಾಗಿ ಜಾರುತ್ತದೆ. ಒಣಗಿದ್ದು ರಾಗಿ ಹಿಟ್ಟಿನ ಹಾಗೆ ಸರಸರ ಹರಿಯುತ್ತದೆ. ನಾನು ಮಳೆಗಾಲದಲ್ಲಿ ರಾತ್ರಿ ಇಟ್ಟು ಬೆಳಿಗ್ಗೆ ತೆಗೆಯುತ್ತೇನೆ. ದಿನಗಟ್ಟಲೆ ಹರಳಿನ ಮೇಲೆ ಬಿಡಬೇಡಿ, ಅತಿಯಾಗಿ ಒಣಗಿದರೂ ಪರಾಗಕ್ಕೆ ಪೆಟ್ಟು.

ಒಂದು ಎಚ್ಚರಿಕೆ. ಈ ಉಪಾಯವನ್ನು ಎಲ್ಲ ಹೂವಿಗೂ ಹಚ್ಚಬೇಡಿ. ಕುಂಬಳದ ಪರಾಗ ಒಣಗಿದರೆ ಸತ್ತೇಹೋಗುತ್ತದೆ. ಅದನ್ನು ಅವತ್ತು ಬೆಳಿಗ್ಗೆಯೇ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಒತ್ತಿಬಿಡಬೇಕು. ಮುಸುಕಿನ ಜೋಳದಂಥ ಹುಲ್ಲು ಜಾತಿಯವುಗಳ ಪರಾಗಕ್ಕೂ ಆಯಸ್ಸು ಬಹಳ ಕಮ್ಮಿ.

ಬದುಕಿದೆಯಾ, ಸತ್ತಿದೆಯಾ?

ಪರಾಗ ನೋಡುವುದಕ್ಕೆ ಚೆನ್ನಾಗಿದ್ದರೆ ಬದುಕಿದೆ ಅಂತ ಅರ್ಥವಲ್ಲ. ಕಾಲೇಜಿನ ಲ್ಯಾಬಿನಲ್ಲಿ ಅಸಿಟೋಕಾರ್ಮಿನ್ ಎಂಬ ಬಣ್ಣ ಹಾಕಿ ಕೆಂಪಾದದ್ದನ್ನೆಲ್ಲ ಜೀವಂತ ಅಂತ ಎಣಿಸಿದ್ದು ನೆನಪಿದೆಯಾ? ಆ ಬಣ್ಣ ಒಳಗೆ ತಿರುಳಿದೆಯೇ ಅಂತಷ್ಟೇ ಹೇಳುತ್ತದೆ. ಮೊನ್ನೆ ಸತ್ತ ಪರಾಗವೂ ಕೆಂಪಾಗುತ್ತದೆ. ಕೂಡಿಟ್ಟ ಪರಾಗಕ್ಕೆ ಅದು ಮೋಸದ ಪರೀಕ್ಷೆ. ನಂಬಬೇಕಾದ್ದು ಮೊಳಕೆಯನ್ನು. ಸಕ್ಕರೆ ನೀರಿನಲ್ಲಿ ಪರಾಗದ ಕಾಳು ಕೊಳವೆ ಚಾಚುತ್ತದಾ ಅಂತ ನೋಡುವುದು.

ಬ್ರೂಬೇಕರ್ ಮತ್ತು ಕ್ವಾಕ್ ಎಂಬ ಇಬ್ಬರು 1963ರಲ್ಲಿ ಇದಕ್ಕೊಂದು ಪಾಕ ಕೊಟ್ಟರು. ಇವತ್ತಿಗೂ ಲ್ಯಾಬ್‌ಗಳಲ್ಲಿ ಅದೇ ನಡೆಯುತ್ತಿದೆ. ಚಂದ ಏನು ಅಂದರೆ, ಅದರಲ್ಲಿರುವ ಸಾಮಾನೆಲ್ಲ ಟೆರೇಸ್ ತೋಟ ಮಾಡುವವರ ಕಪಾಟಿನಲ್ಲೇ ಇರುತ್ತದೆ. ಕ್ಯಾಲ್ಸಿಯಂ ನೈಟ್ರೇಟ್ 3 ಗ್ರಾಂ, ಎಪ್ಸಮ್ ಸಾಲ್ಟ್ 2 ಗ್ರಾಂ, ಪೊಟ್ಯಾಸಿಯಂ ನೈಟ್ರೇಟ್ 1 ಗ್ರಾಂ, ಬೋರಿಕ್ ಆಸಿಡ್ 1 ಗ್ರಾಂ. ಇಷ್ಟನ್ನೂ ಒಂದು ಲೀಟರ್ ನೀರಿನಲ್ಲಿ ಕರಗಿಸಿ ಬಾಟಲಿಯಲ್ಲಿಡಿ. ಇದು ಹತ್ತು ಪಟ್ಟು ಗಟ್ಟಿ ದ್ರಾವಣ. ಪರೀಕ್ಷೆಯ ದಿನ ಇದರಿಂದ 10 ಮಿಲಿಲೀಟರ್ ತೆಗೆದು, 10 ಗ್ರಾಂ ಸಕ್ಕರೆ ಹಾಕಿ, ನೀರು ಸೇರಿಸಿ ಒಟ್ಟು 100 ಮಿಲಿಲೀಟರ್ ಮಾಡಿ. ಸಕ್ಕರೆ ಹಾಕಿದ ಮೇಲೆ ಅವತ್ತೇ ಬಳಸಿ ಚೆಲ್ಲಬೇಕು, ಮಾರನೇ ದಿನಕ್ಕೆ ಹುಳಿ ಬರುತ್ತದೆ.

ಬೋರಿಕ್ ಆಸಿಡ್ ಅಂದರೆ ಗಾಬರಿ ಬೇಡ. ಕೇರಂ ಬೋರ್ಡಿಗೆ ಉದುರಿಸುವ ಪುಡಿ ಬಹಳ ಕಡೆ ಅದೇ. ಡಬ್ಬಿಯ ಮೇಲೆ ಹೆಸರು ಓದಿ ಖಾತ್ರಿ ಮಾಡಿಕೊಳ್ಳಿ, ಇಲ್ಲದಿದ್ದರೆ ಮೆಡಿಕಲ್ ಶಾಪಿನಲ್ಲಿ ಕೇಳಿ. ಹೊಟ್ಟೆಗೆ ಹೋದರೆ ಅಪಾಯ, ಆದ್ದರಿಂದ ಚಮಚ, ಲೋಟ ಎಲ್ಲ ಬೇರೆ ಇರಲಿ. ನೀರಿನ ವಿಷಯದಲ್ಲಿ ಬೋರ್‌ವೆಲ್ ನೀರು ಬೇಡವೇ ಬೇಡ, ಅದರ ಗಡಸುತನ ಲೆಕ್ಕ ತಪ್ಪಿಸುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಕ್ಯಾನ್ ತನ್ನಿ.

ಪರೀಕ್ಷೆಗೆ ಮುಂಚೆ ಒಂದು ಸಣ್ಣ ಕೆಲಸ ಇದೆ, ಬಹಳ ಜನ ಬಿಡುವುದು ಇದನ್ನೇ. ಒಣ ಪರಾಗವನ್ನು ನೇರ ನೀರಿಗೆ ಹಾಕಿದರೆ ಒಮ್ಮೆಲೇ ನೀರು ನುಗ್ಗಿ ಕಾಳಿನ ಪೊರೆ ಹರಿಯುತ್ತದೆ. ಚೆನ್ನಾಗಿದ್ದ ಪರಾಗವೂ ಸತ್ತಿದ್ದಂತೆ ಕಾಣುತ್ತದೆ. ಒಂದು ಡಬ್ಬಿಯಲ್ಲಿ ಒದ್ದೆ ಹತ್ತಿ ಹಾಕಿ, ಅದಕ್ಕೆ ತಾಗದ ಹಾಗೆ ಪರಾಗವನ್ನು ಮೇಲಿಟ್ಟು, ಮುಚ್ಚಿ ಅರ್ಧದಿಂದ ಒಂದು ಗಂಟೆ ಬಿಡಿ. ಗಾಳಿಯ ತೇವವನ್ನು ಅದು ನಿಧಾನವಾಗಿ ಕುಡಿಯಲಿ.

ಆಮೇಲೆ ಗಾಜಿನ ಸ್ಲೈಡ್ ಮೇಲೆ ಒಂದು ಹನಿ ದ್ರಾವಣ, ಅದರ ಮೇಲೆ ಬ್ರಷ್ ತುದಿಯಿಂದ ಚೂರೇ ಚೂರು ಪರಾಗ. ರಾಶಿ ಹಾಕಿದರೆ ಎಣಿಸಲಾಗದು. ಸ್ಲೈಡನ್ನು ಒದ್ದೆ ಟಿಶ್ಯೂ ಹಾಸಿದ ಡಬ್ಬಿಯಲ್ಲಿ ಮುಚ್ಚಿಡಿ, ಹನಿ ಒಣಗಬಾರದು. 25 ಡಿಗ್ರಿ ಆಸುಪಾಸು ಬೇಕು, ಅದಕ್ಕೆ ಬೆಂಗಳೂರಿನ ಕೋಣೆಯೇ ಸಾಕು. ನಾಲ್ಕು ಗಂಟೆ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ. ಕಾಗದದ ಫೋಲ್ಡ್‌ಸ್ಕೋಪ್ ಸಾಕಾಗುತ್ತದೆ, ಅದು ಸುಮಾರು 140 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಡ್ರ್ಯಾಗನ್‌ನ ಪರಾಗವಂತೂ ದಪ್ಪ ಕಾಳು.

ಕಾಳಿನ ಅಗಲಕ್ಕಿಂತ ಉದ್ದದ ಕೊಳವೆ ಬಂದಿದ್ದರೆ ಮಾತ್ರ ಮೊಳೆತಿದೆ ಅಂತ ಲೆಕ್ಕ. ಸುಮ್ನೆ ಒಂದು ಉಬ್ಬು ಎದ್ದಿದ್ದರೆ ಸೇರಿಸಬೇಡಿ. ಬೇರೆ ಬೇರೆ ಜಾಗದಲ್ಲಿ ನೋಡಿ ಇನ್ನೂರು ಕಾಳಾದರೂ ಎಣಿಸಿ. ಬಹಳ ಕಾಳುಗಳು ಒಡೆದು ಒಳಗಿನದ್ದು ಚೆಲ್ಲಿಕೊಂಡಿದ್ದರೆ ಸಕ್ಕರೆ ಸಾಲದು ಅಂತ ಅರ್ಥ. 15, ಆಮೇಲೆ 20 ಗ್ರಾಂ ಮಾಡಿ ನೋಡಿ.

ಜೊತೆಗೆ ಎರಡು ಸ್ಲೈಡ್ ಮಾಡಲೇಬೇಕು. ಒಂದರಲ್ಲಿ ಅವತ್ತಿನ ತಾಜಾ ಪರಾಗ, ಇನ್ನೊಂದರಲ್ಲಿ ಬೇಕಂತಲೇ ಬಿಸಿ ಮಾಡಿ ಸಾಯಿಸಿದ ಪರಾಗ. ತಾಜಾದ್ದೇ ಮೊಳೆಯದಿದ್ದರೆ ತಪ್ಪು ನಿಮ್ಮ ದ್ರಾವಣದ್ದು, ಪರಾಗದ್ದಲ್ಲ. ಕೂಡಿಟ್ಟದ್ದನ್ನು ಯಾವತ್ತೂ ತಾಜಾದರ ಜೊತೆ ಹೋಲಿಸಿ ನೋಡಬೇಕು. ತಾಜಾ ನೂರರಲ್ಲಿ 60 ಮೊಳೆತು ಹಳೆಯದ್ದು 40 ಮೊಳೆತರೆ ನಾನು ಧೈರ್ಯವಾಗಿ ಬಳಸುತ್ತೇನೆ. ಹತ್ತಕ್ಕಿಂತ ಕಮ್ಮಿ ಆದರೆ ಒಂದೇ ರಾತ್ರಿ ಅರಳುವ ಹೂವನ್ನು ಅದರ ಮೇಲೆ ಪಣಕ್ಕಿಡುವುದಿಲ್ಲ.

ಕೂಡಿಡುವುದು

ಒಣಗಿದ ಪರಾಗವನ್ನು ಒಂದೇ ಡಬ್ಬಿಗೆ ಸುರಿಯಬೇಡಿ. ಒಂದು ರಾತ್ರಿಗೆ ಬೇಕಾದಷ್ಟೇ ಒಂದೊಂದು ಟ್ಯೂಬಿಗೆ ಹಾಕಿ. ಮುಚ್ಚಳ ತೆರೆದ ಟ್ಯೂಬ್ ವಾಪಸ್ ಹೋಗಬಾರದು, ಅದಕ್ಕೇ ಈ ಲೆಕ್ಕ. ಟ್ಯೂಬಿನ ಮೇಲೆ ತಳಿ, ತಾರೀಖು ಬರೆಯಿರಿ. ಕಾಗದದ ಚೀಟಿಯಲ್ಲಿ ಪೆನ್ಸಿಲ್‌ನಿಂದ ಬರೆದರೆ ಒಳ್ಳೆಯದು, ಫ್ರೀಜರ್ ತೇವಕ್ಕೆ ಪೆನ್ನಿನ ಶಾಯಿ ಹರಡುತ್ತದೆ. ಎಲ್ಲ ಟ್ಯೂಬ್‌ಗಳನ್ನೂ ಹೊಸ ಸಿಲಿಕಾ ಹಾಕಿದ ಬಾಟಲಿಯೊಳಗೆ ಇಟ್ಟು ಬಿಗಿಯಾಗಿ ಮುಚ್ಚಿ.

ಹತ್ತು ಹದಿನೈದು ದಿನದ ಮಾತಾದರೆ ಫ್ರಿಜ್ಜಿನ ಕೆಳಗಿನ ಭಾಗ, ಅಂದರೆ 4 ಡಿಗ್ರಿ, ಸಾಕು. ತಿಂಗಳುಗಟ್ಟಲೆ ಬೇಕಾದರೆ ಫ್ರೀಜರ್, ಮೈನಸ್ 18. ಇಸ್ರೇಲಿನ ಸಂಶೋಧಕರು 2000ನೇ ಇಸವಿಯಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಸರಿಯಾಗಿ ಒಣಗಿಸಿ ಸೊನ್ನೆಗಿಂತ ಕೆಳಗೆ ಇಟ್ಟ ಡ್ರ್ಯಾಗನ್ ಪರಾಗ 9 ತಿಂಗಳಾದ ಮೇಲೂ ಕೆಲಸ ಮಾಡಿತ್ತು. ನಮ್ಮ ಲೆಕ್ಕದಲ್ಲಿ, ಅಕ್ಟೋಬರಿನ ಕೊನೆಯ ಹೂವಿನ ಪರಾಗ ಮುಂದಿನ ಜೂನ್‌ನ ಮೊದಲ ಹೂವಿಗೆ ಸಿಗುತ್ತದೆ. ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಪರಾಗವನ್ನು ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಇಡುತ್ತಾರೆ. ಅಲ್ಲಿ ಲೆಕ್ಕ ವರ್ಷಗಳದ್ದು.

ಫ್ರೀಜರ್‌ನಲ್ಲೂ ಜಾಗ ನೋಡಿ ಇಡಬೇಕು. ಐಸ್ ಕಟ್ಟದ ಫ್ರಾಸ್ಟ್ ಫ್ರೀ ಫ್ರಿಜ್‌ಗಳು ಆಗಾಗ ಒಳಗೆ ಸ್ವಲ್ಪ ಬಿಸಿ ಮಾಡಿ ಐಸ್ ಕರಗಿಸುತ್ತವೆ. ಬಾಗಿಲಿನ ಪಕ್ಕ ಇಟ್ಟರೆ ಪರಾಗ ದಿನಕ್ಕೆ ಹತ್ತು ಸಲ ಬೆವರುತ್ತದೆ. ಬಾಟಲಿಯನ್ನು ದಪ್ಪ ಥರ್ಮಾಕೋಲ್ ಡಬ್ಬಿಯಲ್ಲಿ ಹಾಕಿ, ಹಿಂದಿನ ಗೋಡೆ ಕಡೆ, ಬಟಾಣಿ ಪ್ಯಾಕೆಟ್ಟಿನ ಹಿಂದೆ ಸೇರಿಸಿ. ಎರಡು ಮೂರು ಗಂಟೆ ಪವರ್ ಕಟ್ ಆದರೂ ತಡೆಯುತ್ತದೆ. ಡಬ್ಬಿ ಮೇಲೆ ದಪ್ಪಗೆ "ತಿನ್ನುವುದಲ್ಲ" ಅಂತ ಬರೆಯಿರಿ. ನಮ್ಮ ಮನೆಯಲ್ಲಿ ಅದನ್ನು ಯಾರೋ ಕಸ್ಟರ್ಡ್ ಪೌಡರ್ ಅಂದುಕೊಂಡಿದ್ದರು.

ಪರಾಗ ತರುವುದಕ್ಕೆ ಊರಿನ ಇನ್ನೊಂದು ತುದಿಗೆ ಹೋಗಬೇಕಾದರೆ ಐಸ್ ಬೇಡ. ಒಣಗಿದ ಪರಾಗ, ಸಿಲಿಕಾ, ಬಿಗಿ ಮುಚ್ಚಳ ಇದ್ದರೆ ಯಲಹಂಕದಿಂದ ಜಯನಗರದವರೆಗಿನ ಟ್ರಾಫಿಕ್ಕೂ ಅದಕ್ಕೆ ಏನೂ ಮಾಡಲ್ಲ. ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿಯಲ್ಲಿ ಮಾತ್ರ ಬಿಡಬೇಡಿ.

ಹಚ್ಚುವ ರಾತ್ರಿ

ಹೂ ಅರಳುವ ಸಂಜೆ ಬಾಟಲಿಯನ್ನು ಫ್ರೀಜರ್‌ನಿಂದ ತೆಗೆದು ಮುಚ್ಚಿದಂತೆಯೇ ಅರ್ಧ ಗಂಟೆ ಮೇಜಿನ ಮೇಲಿಡಿ. ತಣ್ಣನೆಯ ಟ್ಯೂಬ್ ತಕ್ಷಣ ತೆರೆದರೆ ಗಾಳಿಯ ತೇವ ಒಳಗೆ ಹನಿಗಟ್ಟುತ್ತದೆ, ಒಣಗಿಸಿದ್ದೆಲ್ಲ ದಂಡ. ಆಮೇಲೆ ಬೇಕಾದ ಟ್ಯೂಬ್ ಮಾತ್ರ ತೆಗೆದುಕೊಂಡು ಉಳಿದದ್ದನ್ನು ಬೇಗ ವಾಪಸ್ ಇಡಿ. ತೆಗೆದ ಪರಾಗಕ್ಕೆ ಮತ್ತೆ ಒದ್ದೆ ಹತ್ತಿಯ ಡಬ್ಬಿಯಲ್ಲಿ ಅರ್ಧ ಗಂಟೆ.

ಹೂವಿನ ನಡುವೆ ಉದ್ದಕ್ಕೆ ಚಾಚಿ, ತುದಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಕವಲಾಗಿರುವುದೇ ಶಲಾಕಾಗ್ರ. ಒಂಬತ್ತು ಗಂಟೆಯ ಮೇಲೆ ಕವಲು ಬಿಚ್ಚಿಕೊಂಡಿರುತ್ತವೆ. ಒಣ ಬ್ರಷ್‌ನಿಂದ ಎಲ್ಲ ಕವಲಿಗೂ ಪರಾಗ ಸವರಿ, ಒಂದು ಕಡೆ ಹಚ್ಚಿ ಸಾಕು ಅನ್ನಬೇಡಿ. ಒಂದೊಂದು ಬೀಜಕ್ಕೂ ಒಂದೊಂದು ಪರಾಗದ ಕಾಳು ಬೇಕು. ಬೀಜ ಕಮ್ಮಿಯಾದರೆ ಹಣ್ಣೂ ಸಣ್ಣದಾಗುತ್ತದೆ. ಮಲೆನಾಡಿನಲ್ಲಿ ವೆನಿಲ್ಲಾ ಜೋರಿದ್ದ ಕಾಲದಲ್ಲಿ ಬೆಳಿಗ್ಗೆ ಬೆಳಿಗ್ಗೆ ಕಡ್ಡಿ ಹಿಡಿದು ಒಂದೊಂದು ಹೂವಿಗೂ ಪರಾಗ ಮುಟ್ಟಿಸಿದವರನ್ನು ಕೇಳಿ ನೋಡಿ, ಕೈ ಹದ ಅಂದರೆ ಏನು ಅಂತ ಹೇಳುತ್ತಾರೆ.

ಮಳೆಯಿದ್ದರೆ ಛತ್ರಿ ಬೆಳಗಿನವರೆಗೂ ಇರಲಿ. ಹೂವಿಗೆ ಒಂದು ದಾರ ಕಟ್ಟಿ, ಯಾವ ಟ್ಯೂಬ್ ಹಚ್ಚಿದಿರಿ ಅಂತ ಚೀಟಿ ತೂಗುಹಾಕಿ. ಒಂದು ವಾರಕ್ಕೆ ಗೊತ್ತಾಗುತ್ತದೆ, ಮೂವತ್ತೈದು ದಿನದ ಹೊತ್ತಿಗೆ ಹಣ್ಣು ಕೆಂಪಾಗುತ್ತದೆ.

ಹೋದ ಜೂನ್‌ನಲ್ಲಿ ನಮ್ಮ ಮೊದಲ ಮೂರು ಹೂವಿಗೂ ಅಕ್ಟೋಬರಿನ ಟ್ಯೂಬ್ ಹಚ್ಚಿದೆ. ಎರಡು ನಿಂತವು. ಉದುರಿದ ಮೂರನೆಯದರ ಚೀಟಿ ನೋಡಿದರೆ, ಆ ಟ್ಯೂಬಿನ ಮುಚ್ಚಳ ಸರಿಯಾಗಿ ಕೂತಿರಲಿಲ್ಲ ಅಂತ ನಾನೇ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೆ.